ಸಂತೆಯ ಚೀಟಿಯೂ ಬೆಲೆ ಸೂಚ್ಯಂಕವೂ



ಕಳೆದ ಏಪ್ರಿಲ್ ತಿಂಗಳಲ್ಲಿ ಹೊಸ ತುಟ್ಟಿಭತ್ಯೆ ಸೇರಿಸಿ ಮೊದಲ ಬಟವಾಡೆ ಮಾಡಿದ ದಿನ ನಮ್ಮ ತೋಟದಲ್ಲಿ ಒಂದು ಪ್ರಸಂಗ ನಡೆಯಿತು. ಬಹಳ ವರ್ಷಗಳಿಂದ ನಮ್ಮಲ್ಲಿ ದುಡಿಯುತ್ತಿರುವ ಹೆಂಗಸೊಬ್ಬಳು ಹಣ ಎಣಿಸಿಕೊಂಡು, ಸೆರಗಿನ ಗಂಟು ಬಿಚ್ಚಿ, ಹಿಂದಿನ ವಾರದ ಸಂತೆಯ ಚೀಟಿಯನ್ನು ನನ್ನ ಮುಂದೆ ಹಿಡಿದಳು. "ಇದರಲ್ಲಿ ಎಷ್ಟು ಏರಿದೆ, ಅದರಲ್ಲಿ ಎಷ್ಟು ಏರಿಸಿದ್ದೀರಿ, ನೀವೇ ಲೆಕ್ಕ ಹಾಕಿ" ಎಂದಳು. "ಅದು ನಾನು ಏರಿಸಿದ್ದಲ್ಲಮ್ಮ, ಬೆಲೆ ಸೂಚ್ಯಂಕದ ಪ್ರಕಾರ ಗೊತ್ತಾದದ್ದು" ಎಂದೆ. "ಆ ಸೂಚ್ಯಂಕದವರು ಯಾವ ಸಂತೆಗೆ ಹೋಗುತ್ತಾರೆ?" ಎಂದು ಕೇಳಿದಳು.

ಪದವಿ ಪಡೆದವನೂ, ಸಂಘದ ಕಾರ್ಯದರ್ಶಿಯೂ ಆದ ನಾನು ಆ ದಿನ ತಡವರಿಸಿದೆ. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಈಗೀಗ ಅಂತರ್ಜಾಲದ ಅಂಗಡಿಗಳಿಂದಲೇ ಬೆಲೆ ತಿಳಿಯಬಹುದು, ಪೇಟೆ ಪೇಟೆಗೆ ಗುಮಾಸ್ತರನ್ನು ಕಳಿಸುವುದು ಹಳೆಯ ಕ್ರಮ ಎಂಬ ಮಾತು ಕೇಳಿಬರುತ್ತಿರುವಾಗ, ಈ ವಿಷಯವನ್ನು ತಮ್ಮ ಮುಂದಿಡುವುದು ಅಗತ್ಯವೆನಿಸಿತು. ಯಾಕೆಂದರೆ ನಾವು ಕೊಡುವ ಕೂಲಿಯ ಒಂದು ಪಾಲು ಈ ಅಂಕಿಗೇ ಕಟ್ಟಿಬಿದ್ದಿದೆ.

ಮೊದಲು ಆಕೆಯ ಪ್ರಶ್ನೆಗೆ ಉತ್ತರ. ತುಟ್ಟಿಭತ್ಯೆಗೆ ಬಳಕೆಯಾಗುತ್ತ ಬಂದಿರುವುದು ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. ಕೇಂದ್ರ ಕಾರ್ಮಿಕ ಸಚಿವಾಲಯದ ಲೇಬರ್ ಬ್ಯೂರೋ ಇದನ್ನು ಸಿದ್ಧಪಡಿಸುತ್ತದೆ. ಹೆಸರಿನಲ್ಲಿ ಕೈಗಾರಿಕೆ ಎಂದಿದ್ದರೂ ಕಾರ್ಖಾನೆ, ಗಣಿ, ರೈಲ್ವೆ, ಬಂದರುಗಳ ಜೊತೆಗೆ ಪ್ಲಾಂಟೇಶನ್ ಕೂಡ ಅದರ ಏಳು ವಿಭಾಗಗಳಲ್ಲಿ ಒಂದು. 2016 ಮೂಲ ವರ್ಷದ ಸರಣಿ 2020ರ ಅಕ್ಟೋಬರಿನಲ್ಲಿ ಹೊರಬಂತು. ಅದಕ್ಕೆ ದೇಶದ 88 ಕೇಂದ್ರಗಳ 317 ಪೇಟೆಗಳಿಂದ ಬೆಲೆ ತರಲು ಏರ್ಪಾಡಾಯಿತು. ಅಂದರೆ ಸೂಚ್ಯಂಕದವರು ಸಂತೆಗೆ ಹೋಗುತ್ತಾರೆ. ಆದರೆ ನಮ್ಮ ಸಂತೆಗೇ ಹೋಗುತ್ತಾರೆಂದು ಹೇಳುವಂತಿಲ್ಲ.

ಆದರೆ ಬೆಲೆ ತಂದರಷ್ಟೇ ಸಾಲದು. ಯಾವ ಸಾಮಾನಿಗೆ ಎಷ್ಟು ತೂಕ ಎಂಬುದೇ ಇದರ ಜೀವಾಳ. ಅಕ್ಕಿಯ ಬೆಲೆ ಏರಿದರೆ ಬಡವನ ಮನೆಗೆ ತಟ್ಟುವ ಬಿಸಿ ಬೇರೆ, ಸಿರಿವಂತನ ಮನೆಗೆ ತಟ್ಟುವ ಬಿಸಿ ಬೇರೆ. ಆದುದರಿಂದ ಮನೆಮನೆಗೆ ಹೋಗಿ, ನೂರು ರೂಪಾಯಿ ಖರ್ಚಿನಲ್ಲಿ ಊಟಕ್ಕೆಷ್ಟು, ಬಾಡಿಗೆಗೆಷ್ಟು, ಬಟ್ಟೆಗೆಷ್ಟು, ಔಷಧಿಗೆಷ್ಟು ಎಂದು ವಿಚಾರಿಸುತ್ತಾರೆ. 2016ರ ಸರಣಿಗಾಗಿ ಹೀಗೆ 48,384 ಕಾರ್ಮಿಕ ಕುಟುಂಬಗಳನ್ನು ವಿಚಾರಿಸಲಾಯಿತು. ಆಗ ಆಹಾರದ ತೂಕ ನೂರಕ್ಕೆ 46.2ರಿಂದ 39.17ಕ್ಕೆ ಇಳಿಯಿತು. ನಮ್ಮ ಅಡಿಕೆಯೂ ಆ ಬುಟ್ಟಿಯಲ್ಲಿದೆ ಎಂದರೆ ಸದಸ್ಯರಿಗೆ ಸಂತೋಷವಾಗಬಹುದು. ವೀಳ್ಯ, ಅಡಿಕೆ, ತಂಬಾಕು, ಮಾದಕ ಪದಾರ್ಥಗಳ ಗುಂಪಿಗೆ ನೂರಕ್ಕೆ ಎರಡರಷ್ಟು ತೂಕ!

ಈ ತೂಕದ ಮಹಿಮೆ ನೋಡಿ. ಆಹಾರ ಪದಾರ್ಥಗಳು ಒಟ್ಟಾರೆ ನೂರಕ್ಕೆ ಹತ್ತರಷ್ಟು ಏರಿದವು, ಉಳಿದದ್ದೆಲ್ಲ ಇದ್ದ ಹಾಗೇ ಇದೆ ಎಂದುಕೊಳ್ಳೋಣ. ತೂಕ 46 ಆಗಿದ್ದರೆ ಸೂಚ್ಯಂಕ 4.6ರಷ್ಟು ಏರುತ್ತದೆ, 39 ಆಗಿದ್ದರೆ 3.9ರಷ್ಟು ಮಾತ್ರ. ಕೂಲಿಯ ನೂರರಲ್ಲಿ ಅರವತ್ತು ರೂಪಾಯಿ ಊಟಕ್ಕೇ ಹೋಗುವ ಒಂದು ಮನೆಗಾದರೋ ನಿಜವಾದ ಏರಿಕೆ 6. ಅದೇ ಸಂತೆ, ಅದೇ ಬೆಲೆ, ಆದರೆ ಮೂರು ಉತ್ತರ! ಆಕೆಯ ಚೀಟಿಗೂ ನನ್ನ ಬಟವಾಡೆ ಪುಸ್ತಕಕ್ಕೂ ತಾಳೆಯಾಗದಿರಲು ಇದೇ ಒಂದು ದೊಡ್ಡ ಕಾರಣವಿರಬೇಕು. ಆಕೆ ಸುಳ್ಳು ಹೇಳಲಿಲ್ಲ, ಸೂಚ್ಯಂಕವೂ ಸುಳ್ಳು ಹೇಳಲಿಲ್ಲ. ಸೂಚ್ಯಂಕ ಎಲ್ಲರ ಸರಾಸರಿ ಮನೆಯನ್ನು ನೋಡುತ್ತದೆ, ಆಕೆ ತನ್ನ ಒಲೆಯನ್ನು ನೋಡುತ್ತಾಳೆ.

ಇನ್ನು ಅಂತರ್ಜಾಲದ ಬೆಲೆಯ ವಿಚಾರ. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಇದಕ್ಕೆ ಅರ್ಜೆಂಟೀನಾ ದೇಶದ ಕಥೆಯನ್ನು ತಾವು ಕೇಳಲೇಬೇಕು. ಅಲ್ಲಿ 2007ರ ಜನವರಿಯಲ್ಲಿ ಸರ್ಕಾರ ತನ್ನ ಅಂಕಿಅಂಶ ಸಂಸ್ಥೆಯ ಕೆಲಸದಲ್ಲಿ ಕೈಹಾಕಿ, ಬೆಲೆ ಸೂಚ್ಯಂಕ ನೋಡಿಕೊಳ್ಳುತ್ತಿದ್ದ ಅಧಿಕಾರಿಣಿಯನ್ನು ಆ ಸ್ಥಾನದಿಂದ ತೆಗೆಯಿತು. ಅಲ್ಲಿಂದ ಮುಂದೆ ಸರ್ಕಾರ ಹೇಳುವ ಬೆಲೆಯೇರಿಕೆ ಒಂದು, ಜನ ಅಂಗಡಿಯಲ್ಲಿ ಕೊಡುವ ಹಣ ಇನ್ನೊಂದು ಎಂಬಂತಾಯಿತು. ಆ ಸಮಯದಲ್ಲಿ ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿದ್ದ ಆಲ್ಬರ್ಟೊ ಕವಾಯೊ ಎಂಬ ಅದೇ ದೇಶದ ತರುಣ ಅರ್ಥಶಾಸ್ತ್ರಜ್ಞ, ಅಲ್ಲಿನ ದೊಡ್ಡ ಅಂಗಡಿಗಳು ಅಂತರ್ಜಾಲದಲ್ಲಿ ಪ್ರಕಟಿಸುತ್ತಿದ್ದ ಬೆಲೆಗಳನ್ನು ಕಂಪ್ಯೂಟರಿನಿಂದ ದಿನದಿನವೂ ಸಂಗ್ರಹಿಸತೊಡಗಿದ. 2007ರ ಅಕ್ಟೋಬರಿನಿಂದ 2011ರ ಮಾರ್ಚಿಯವರೆಗೆ ಲೆಕ್ಕ ಹಾಕಿದಾಗ ವರ್ಷಕ್ಕೆ ಸರಾಸರಿ ನೂರಕ್ಕೆ 20ರಷ್ಟು ಏರಿಕೆ ಕಂಡುಬಂತು. ಸರ್ಕಾರದ ಲೆಕ್ಕದಲ್ಲಿ ಅದು 8ರ ಆಸುಪಾಸಿನಲ್ಲಿತ್ತು. ಇದೇ ವಿಧಾನವನ್ನು ಬ್ರೆಜಿಲ್, ಚಿಲಿ, ಕೊಲಂಬಿಯಾ ದೇಶಗಳಿಗೆ ಹಚ್ಚಿದಾಗ ಸರ್ಕಾರಿ ಅಂಕಿಗೂ ಅಂತರ್ಜಾಲದ ಅಂಕಿಗೂ ಬಹುಮಟ್ಟಿಗೆ ಹೊಂದಿಕೆಯಾಯಿತು. ಅಂದಮೇಲೆ ದೋಷ ವಿಧಾನದ್ದಲ್ಲ, ಅರ್ಜೆಂಟೀನಾದ ತಕ್ಕಡಿಯದು ಎಂಬುದು ಜಗತ್ತಿಗೇ ತಿಳಿಯಿತು.

ಅಲ್ಲಿನ ಸರ್ಕಾರ ತಿದ್ದಿಕೊಂಡಿತೆ? ತಕ್ಷಣಕ್ಕೆ ಇಲ್ಲ. ಸ್ವಂತ ಲೆಕ್ಕ ಪ್ರಕಟಿಸುತ್ತಿದ್ದ ಖಾಸಗಿ ಸಲಹಾ ಸಂಸ್ಥೆಗಳಿಗೆ 2011ರಲ್ಲಿ ದಂಡ ಹಾಕಿತು. ಕೊನೆಗೆ 2013ರ ಫೆಬ್ರವರಿಯಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿ ಅಂಕಿಅಂಶದ ವಿಷಯವಾಗಿ ಆ ದೇಶಕ್ಕೆ ಛೀಮಾರಿ ಹಾಕಿತು. ಆ ಛೀಮಾರಿ ತೆರವಾಗಲು 2016ರ ನವೆಂಬರ್ ಬರಬೇಕಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಕವಾಯೊ ಮುಂದೆ ಇನ್ನೊಂದು ಪರೀಕ್ಷೆಯನ್ನೂ ಮಾಡಿದ. ಹತ್ತು ದೇಶಗಳ 56 ದೊಡ್ಡ ವ್ಯಾಪಾರ ಸಂಸ್ಥೆಗಳಲ್ಲಿ, ಅಂಗಡಿಯ ಬೆಲೆಯನ್ನೂ ಅದೇ ಅಂಗಡಿಯ ಅಂತರ್ಜಾಲದ ಬೆಲೆಯನ್ನೂ ಹೋಲಿಸಿ ನೋಡಿದ. 2017ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ನೂರಕ್ಕೆ 72 ಸಲ ಎರಡೂ ಒಂದೇ ಆಗಿದ್ದವು. ಇದು ಒಳ್ಳೆಯ ಫಲಿತಾಂಶವೇ ಸರಿ. ಆದರೆ ಆ ಹತ್ತು ದೇಶಗಳಲ್ಲಿ ಭಾರತವಿರಲಿಲ್ಲ ಎಂಬುದನ್ನೂ, ನೋಡಿದ್ದು ಎರಡೂ ಕಡೆ ಮಾರುವ ದೊಡ್ಡ ಅಂಗಡಿಗಳನ್ನು ಮಾತ್ರ ಎಂಬುದನ್ನೂ ಮರೆಯಬಾರದು. ತರಕಾರಿ ಗುಡ್ಡೆ ಹಾಕಿಕೊಂಡು ಕುಳಿತ ಅಜ್ಜಿಯ ಬೆಲೆ ಯಾವ ಅಂತರ್ಜಾಲದಲ್ಲಿದೆ? ಮೀನಿನವನು ಬೆಳಿಗ್ಗೆ ಹೇಳುವ ದರ ಒಂದು, ಹೊತ್ತು ಮುಳುಗುವಾಗ ಕೊಡುವ ದರ ಇನ್ನೊಂದು. ದರ್ಜಿಯ ಕೂಲಿ, ಕ್ಷೌರದ ಖರ್ಚು, ಜೀಪಿನ ಬಾಡಿಗೆ, ಮನೆ ಪಾಠದ ಹಣ ಇವು ಯಾವುವೂ ಕಂಪ್ಯೂಟರಿನ ಬಲೆಗೆ ಬೀಳುವ ಮೀನುಗಳಲ್ಲ. ಅದಕ್ಕಿಂತ ಮಿಗಿಲಾಗಿ, ಅಂತರ್ಜಾಲ ಬೆಲೆಯನ್ನು ಹೇಳೀತೇ ಹೊರತು ಯಾರ ಮನೆಗೆ ಎಷ್ಟು ಹೋಯಿತೆಂದು ಹೇಳದು. ತೂಕ ಕೊಡುವುದು ಮನೆಬಾಗಿಲ ಸಮೀಕ್ಷೆಯೊಂದೇ.

ನಾವು ಬೆಳೆಗಾರರು. ನಮಗೆ ಅರ್ಥವಾಗುವ ಹಾಗೆ ಹೇಳುವುದಾದರೆ ಇದು ಮಳೆಮಾಪಕದ ವಿಚಾರವಿದ್ದಂತೆ. ಹಿಂದೆ ಬೆಳಿಗ್ಗೆ ಎದ್ದು ಅಳತೆಗಾಜಿನಲ್ಲಿ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದೆವು. ಈಗ ಗಂಟೆಗಂಟೆಯ ಮಳೆಯನ್ನು ಫೋನಿಗೇ ಕಳಿಸುವ ಯಂತ್ರ ಬಂದಿದೆ. ಹೂಮಳೆ ಬಂದಾಗ ಅದರಿಂದ ಉಪಕಾರವಿಲ್ಲವೆಂದು ಯಾರು ಹೇಳಿಯಾರು? ಆದರೆ ಅದೇ ಯಂತ್ರವನ್ನು ಸಿಲ್ವರ್ ಮರದ ಬುಡದಲ್ಲಿ ನೆಟ್ಟರೆ ಗಂಟೆಗಂಟೆಗೂ ತಪ್ಪನ್ನೇ ಕಳಿಸುತ್ತದೆ. ಬೇಗ ಬಂದ ಅಂಕಿ ಬೇರೆ, ತಕ್ಕ ಜಾಗದಿಂದ ಬಂದ ಅಂಕಿ ಬೇರೆ.

ನಮ್ಮ ದೇಶದಲ್ಲಿ ಈಗ ಆಗಿರುವುದನ್ನು ಈ ದೃಷ್ಟಿಯಿಂದ ನೋಡಬೇಕು. ತುಟ್ಟಿಭತ್ಯೆಯ ಸೂಚ್ಯಂಕವಲ್ಲದೆ ಇಡೀ ದೇಶಕ್ಕೆಂದು ಇನ್ನೊಂದು ಗ್ರಾಹಕ ಬೆಲೆ ಸೂಚ್ಯಂಕವಿದೆ. ಪತ್ರಿಕೆಗಳಲ್ಲಿ ಹಣದುಬ್ಬರವೆಂದು ಬರುವುದು, ರಿಸರ್ವ್ ಬ್ಯಾಂಕು ಬಡ್ಡಿದರಕ್ಕಾಗಿ ನೋಡುವುದು ಅದನ್ನೇ. ಅದರ 2024 ಮೂಲ ವರ್ಷದ ಹೊಸ ಸರಣಿ 2026ರ ಫೆಬ್ರವರಿಯಲ್ಲಿ ಹೊರಬಂತು. ಅದರಲ್ಲಿ ಹಳ್ಳಿಗಾಡಿನ ಹಾಗೂ ಪಟ್ಟಣಗಳ ಸಾವಿರಾರು ಪೇಟೆಗಳ ಜೊತೆಗೆ, 25 ಲಕ್ಷಕ್ಕೆ ಮಿಕ್ಕಿ ಜನಸಂಖ್ಯೆಯುಳ್ಳ 12 ನಗರಗಳ ಅಂತರ್ಜಾಲದ ಅಂಗಡಿಗಳ ಬೆಲೆಯನ್ನೂ ಸೇರಿಸಿಕೊಂಡಿದ್ದಾರೆ. ಇದು ಸರಿಯಾದ ಹೆಜ್ಜೆ. ನಗರದವರು ಅಂತರ್ಜಾಲದಲ್ಲಿ ಕೊಳ್ಳುತ್ತಿರುವಾಗ ಅದನ್ನು ಬಿಟ್ಟು ಅಳೆಯುವುದೂ ತಪ್ಪೇ. ಆದರೆ ಖರ್ಚು ಕಡಿಮೆ, ಕೆಲಸ ಸುಲಭ ಎಂದು ನಾಳೆ ಪೇಟೆಯ ಗುಮಾಸ್ತರನ್ನು ಹಿಂದಕ್ಕೆ ಕರೆಸಿಕೊಂಡರೆ ಮಳೆಮಾಪಕವನ್ನು ಮರದ ಬುಡಕ್ಕೆ ಸರಿಸಿದಂತಾಗುತ್ತದೆ. ಆನ್‌ಲೈನ್ ಬೆಲೆ ಹೆಗಲುಕೊಡಲಿ, ಸಂತೆಯ ಜಾಗಕ್ಕೆ ಬರುವುದು ಬೇಡ ಎಂಬುದೇ ನನ್ನ ಅಭಿಪ್ರಾಯ.

ಈ ಹೊಸ ಸರಣಿಯ ತೂಕಗಳು ಬಂದದ್ದು 2023ರ ಆಗಸ್ಟಿನಿಂದ 2024ರ ಜುಲೈವರೆಗೆ ನಡೆದ ಕುಟುಂಬ ಖರ್ಚುವೆಚ್ಚ ಸಮೀಕ್ಷೆಯಿಂದ. ದೇಶದಲ್ಲಿ 2,61,953 ಮನೆಗಳನ್ನು ವಿಚಾರಿಸಿದರು. ಅದಕ್ಕೂ ಹಿಂದಿನ ಸರಣಿಯ ತೂಕಗಳು 2011-12ರ ಸಮೀಕ್ಷೆಯವು. ನಡುವೆ 2017-18ರಲ್ಲಿ ನಡೆದ ಸಮೀಕ್ಷೆಯ ಫಲಿತಾಂಶವನ್ನು ಗುಣಮಟ್ಟ ಸಾಲದೆಂದು ಸರ್ಕಾರ ಬಿಡುಗಡೆ ಮಾಡಲಿಲ್ಲ. ಹಾಗಾಗಿ ಹನ್ನೆರಡು ವರ್ಷ ಹಳೆಯ ಅಡುಗೆಮನೆಯ ಲೆಕ್ಕದಲ್ಲೇ ದೇಶದ ಬೆಲೆಯೇರಿಕೆಯನ್ನು ಅಳೆಯಬೇಕಾಯಿತು. ಹೊಸ ಲೆಕ್ಕದಲ್ಲಿ ಆಹಾರದ ತೂಕ ನೂರಕ್ಕೆ 46ರ ಹತ್ತಿರದಿಂದ 37ರ ಹತ್ತಿರಕ್ಕೆ ಇಳಿದಿದೆ. ಒಂದು ಮನೆಯ ಉತ್ತರ ನೂರಾರು ಮನೆಗಳ ಪರವಾಗಿ ನಿಲ್ಲುತ್ತದೆ. ಕಾಫಿ ಚೀಲಕ್ಕೆ ಕೊಳವೆ ಚುಚ್ಚಿ ತೆಗೆದ ಒಂದು ಹಿಡಿ ಇಡೀ ಲಾಟಿನ ದರ ಗೊತ್ತುಮಾಡುವ ಹಾಗೆ.

ಇಲ್ಲಿ ನಾನು ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಆ ಸಮೀಕ್ಷೆಯ ತರುಣನೊಬ್ಬ ಕೊಯ್ಲಿನ ದಿನಗಳಲ್ಲಿ ನಮ್ಮ ಮನೆಗೂ ಬಂದಿದ್ದ. ಒಂದು ಸಲವಲ್ಲ, ಮೂರು ತಿಂಗಳಲ್ಲಿ ಮೂರು ಸಲ ಬರಬೇಕಾದ ಕ್ರಮ ಅದು. ಒಮ್ಮೆ ಆಹಾರ, ಒಮ್ಮೆ ದಿನಬಳಕೆಯ ಸಾಮಾನು ಮತ್ತು ಸೇವೆಗಳು, ಒಮ್ಮೆ ಬಾಳಿಕೆ ಬರುವ ವಸ್ತುಗಳು. ನನಗೋ ಕಣದಲ್ಲಿ ಕಾಫಿ, ಆಳಿನ ಅಭಾವ, ಮೋಡ ಬೇರೆ. ಮೇಲಾಗಿ ಖರ್ಚು ಹೆಚ್ಚು ಹೇಳಿದರೆ ಎಲ್ಲಿ ತೆರಿಗೆಯವರಿಗೆ ಹೋಗುತ್ತದೋ ಎಂಬ ಅಳುಕು. ಜಗಲಿಯಲ್ಲೇ ನಿಲ್ಲಿಸಿ, ಬಾಯಿಗೆ ಬಂದ ಅಂಕಿ ಹೇಳಿ ಕಳಿಸಿದೆ. ಔಷಧಿಯ ಖರ್ಚನ್ನು ಅರ್ಧ ಮಾಡಿದೆ, ಮಗಳ ಹಾಸ್ಟೆಲಿನ ಖರ್ಚನ್ನು ಹೇಳಲೇ ಇಲ್ಲ. ಆತ ಟ್ಯಾಬ್ಲೆಟ್ಟಿನಲ್ಲಿ ಗುರುತು ಹಾಕಿಕೊಂಡು, ನಮಸ್ಕಾರ ಹೇಳಿ, ಬಿಸಿಲಿನಲ್ಲಿ ನಡೆದುಹೋದ. ಒಂದು ಲೋಟ ಕಾಫಿ ಕೊಡಲೂ ನನಗೆ ತೋಚಲಿಲ್ಲ. ಕಾಫಿ ಬೆಳೆಗಾರನ ಮನೆ!

ಆ ದಿನ ನನಗೆ ಅದೊಂದು ಜಾಣತನವೆನಿಸಿತ್ತು. ಏಪ್ರಿಲಿನಲ್ಲಿ ಆ ಹೆಂಗಸು ಚೀಟಿ ಹಿಡಿದು ನಿಂತಾಗ ಅದು ನೆನಪಾಗಿ ತಲೆತಗ್ಗಿಸುವಂತಾಯಿತು. ನನ್ನ ಉತ್ತರ ಹೋದದ್ದು ದೇಶದ ಸೂಚ್ಯಂಕಕ್ಕೆ, ಆಕೆಯ ಭತ್ಯೆಗಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ತಕ್ಕಡಿಗೆ ಬೆರಳು ತಾಗಿಸಿದವನು ಯಾವ ತಕ್ಕಡಿಯಾದರೇನು? ಅರ್ಜೆಂಟೀನಾದಲ್ಲಿ ಸರ್ಕಾರ ಮಾಡಿದ್ದನ್ನು ನಾನು ನನ್ನ ಜಗಲಿಯಲ್ಲಿ ಸಣ್ಣ ಪ್ರಮಾಣದಲ್ಲಿ ಮಾಡಿದ್ದೆ. ನನ್ನ ಅಳುಕಿಗೆ ಆಧಾರವೂ ಇರಲಿಲ್ಲ. 2008ರ ಅಂಕಿಅಂಶ ಸಂಗ್ರಹಣ ಕಾಯಿದೆ, ಒಬ್ಬ ವ್ಯಕ್ತಿ ಕೊಟ್ಟ ಮಾಹಿತಿಯನ್ನು ಗುಟ್ಟಾಗಿಡಬೇಕೆಂದೂ ಅಂಕಿಅಂಶದ ಕೆಲಸಕ್ಕಲ್ಲದೆ ಬೇರೆಗೆ ಬಳಸಬಾರದೆಂದೂ ವಿಧಿಸುತ್ತದೆ.

ಸೂಚ್ಯಂಕ ತಗ್ಗಿದರೆ ನಮಗೇ ಲಾಭವಲ್ಲವೇ, ಭತ್ಯೆ ಉಳಿಯಿತಲ್ಲ ಎಂದು ಕೆಲವು ಸದಸ್ಯರು ಮನಸ್ಸಿನಲ್ಲಿ ಅಂದುಕೊಳ್ಳಬಹುದು. ಎರಡು ಮೂರು ಎಕರೆಯ ಬೆಳೆಗಾರರಿಗೆ ಕೂಲಿಯೇ ದೊಡ್ಡ ಖರ್ಚೆಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಹೊಟ್ಟೆಗೆ ಸಾಲದ ಕೂಲಿಗೆ ಆಳು ನಿಲ್ಲುವುದಿಲ್ಲ. ಕಟ್ಟಡದ ಕೆಲಸಕ್ಕೆ ಪೇಟೆಯ ಬಸ್ಸು ಹತ್ತುತ್ತಾರೆ. ಆಮೇಲೆ ಹಣ್ಣು ಗಿಡದಲ್ಲೇ ಒಣಗುತ್ತದೆ, ಗೊನೆ ಮರದಲ್ಲೇ ಉಳಿಯುತ್ತದೆ. ಮತ್ತೊಂದು ಮಾತು: ಅಡಿಕೆ ಮತ್ತು ಕಾಫಿ ಬಿಟ್ಟು ಉಳಿದದ್ದನ್ನೆಲ್ಲ ನಾವೂ ಕೊಂಡೇ ತಿನ್ನುವವರು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರು ದಾಟಿದಾಗ ನಾವು ಹಿಗ್ಗಿದೆವು. ಆ ಹಿಗ್ಗಿನಲ್ಲಿ ಎಷ್ಟು ನಿಜ, ಎಷ್ಟು ಬರೀ ನೋಟಿನ ಉಬ್ಬರ ಎಂದು ತಿಳಿಯಬೇಕಾದರೂ ನಂಬಿಕೆಗೆ ಅರ್ಹವಾದ ಬೆಲೆ ಸೂಚ್ಯಂಕವೇ ಬೇಕು.

ಆದುದರಿಂದ ಸದಸ್ಯರಲ್ಲಿ ನನ್ನ ಬಿನ್ನಹ ಇಷ್ಟು. ಒಂದು, ಸಮೀಕ್ಷೆಯವರು ಮನೆಗೆ ಬಂದರೆ ಕೂರಿಸಿ ಮಾತಾಡಿಸಿ, ಮನೆಯೊಡತಿಯನ್ನೂ ಕರೆಯಿರಿ. ಅಕ್ಕಿ ಬೇಳೆಯ ನಿಜವಾದ ಲೆಕ್ಕ ಗೊತ್ತಿರುವುದು ಅವರಿಗೇ. ಲೈನುಮನೆಗಳಿಗೆ ಅವರು ಹೋಗಬೇಕೆಂದರೆ ತಡೆಯದೆ ದಾರಿ ತೋರಿಸಿ. ಎರಡು, ನಮ್ಮ ಸಂಘದ ಮಳಿಗೆಯಲ್ಲಿ ಇಪ್ಪತ್ತು ದಿನಬಳಕೆಯ ಸಾಮಾನುಗಳ ದರವನ್ನು ವಾರವಾರವೂ ಒಂದು ಪುಸ್ತಕದಲ್ಲಿ ಬರೆದಿಡಲು ಆಡಳಿತ ಮಂಡಳಿಯ ಮುಂದೆ ಸಲಹೆ ಇಡುತ್ತೇನೆ. ದರದ ಜೊತೆಗೆ ತೂಕವನ್ನೂ ಬರೆಯಬೇಕು. ಹತ್ತು ರೂಪಾಯಿಯ ಸೋಪು ಹತ್ತು ರೂಪಾಯಿಯೇ ಇದ್ದು, ಒಳಗಿನ ಬಿಲ್ಲೆ ಸವೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಮೂರು, ಮುಂದಿನ ಕೂಲಿ ಮಾತುಕತೆಯಲ್ಲಿ ಸೂಚ್ಯಂಕದ ಕಾಗದವನ್ನೂ ಆ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂರೋಣ. ಕಾನೂನಿಗೆ ಸೂಚ್ಯಂಕವೇ ಪ್ರಮಾಣ. ಆದರೆ ಮನುಷ್ಯರ ನಡುವಿನ ವಿಶ್ವಾಸಕ್ಕೆ ಆ ಪುಸ್ತಕವೂ ಬೇಕಾದೀತು.

ಆ ಹೆಂಗಸಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಮೊನ್ನೆ ಮಾತ್ರ ಆಕೆಯ ಚೀಟಿಯನ್ನು ಕೇಳಿ ಪಡೆದು ಇಟ್ಟುಕೊಂಡಿದ್ದೇನೆ. ಮಂಡಳಿ ಒಪ್ಪಿದರೆ ಆ ಪುಸ್ತಕದ ಮೊದಲ ಪುಟದಲ್ಲಿ ಬರೆಯುವ ಬೆಲೆಗಳು ಅವೇ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ