ಮನೆಯ ಮಾತು: ಮೊಮ್ಮಗನ ಪಾಲಿನ ದುಃಖ

ತುಂಬಿದ ವಯಸ್ಸಿನಲ್ಲಿ, ಮಕ್ಕಳು ಮೊಮ್ಮಕ್ಕಳನ್ನು ಕಂಡು, ಬಹಳ ದಿನ ನರಳದೆ ಕಣ್ಮುಚ್ಚಿದವರ ಮರಣವನ್ನು ಪುಣ್ಯದ ಸಾವೆಂದು ನಮ್ಮ ಜನರು ಕೊಂಡಾಡುವುದುಂಟು. ಇದು ಅನುಚಿತವೆಂದು ನಾವು ಹೇಳುವುದಿಲ್ಲ. ಆದರೆ ಹೋದವರ ಭಾಗ್ಯವನ್ನು ಹೇಳುವ ಮಾತು ಉಳಿದವರ ದುಃಖಕ್ಕೆ ಸಮಾಧಾನವಾಗಲಾರದೆಂಬುದನ್ನು ನಾವು ಈಚೆಗೆ ಒಬ್ಬ ತರುಣನಿಂದ ಕಲಿಯಬೇಕಾಯಿತು.

ನಾವು ವಾಸಿಸುವ ಯಲಹಂಕದಲ್ಲಿ ನಮ್ಮ ಬೀದಿಯವನೇ ಆದ ಈತನು ಒಂದು ಕಾಲಕ್ಕೆ ನಮ್ಮ ಶಿಷ್ಯನು. ಈಗ ವಯಸ್ಸು 23. ತಾಯಿಯ ತಂದೆಯ ಆಶ್ರಯದಲ್ಲಿಯೇ ಬೆಳೆದವನು. ಆ ವೃದ್ಧರು ತಮ್ಮ 86ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಬಂಧುಗಳಿಗೆ ಸುದ್ದಿ ಮುಟ್ಟಿಸುವುದು, ಪುರೋಹಿತರನ್ನು ಕರೆತರುವುದು, ಬಂದವರನ್ನು ಕುಳ್ಳಿರಿಸುವುದು ಮೊದಲಾದ ಕೆಲಸಗಳೆಲ್ಲವೂ ಇವನ ಪಾಲಿಗೆ ಬಂದುವು. ಸಂತಾಪದ ಮಾತುಗಳು ಮಾತ್ರ ತಾಯಿಗೂ ಸೋದರಮಾವಂದಿರಿಗೂ ಸಂದುವು. ನಾವಾದರೋ ಇವನ ಬೆನ್ನು ತಟ್ಟಿ, “ವಯಸ್ಸಾಗಿತ್ತಲ್ಲವೇನಪ್ಪಾ, ಸುಖವಾಗಿ ಹೋದರು” ಎಂದು ನುಡಿದು, ನಮ್ಮ ಕರ್ತವ್ಯವು ಮುಗಿಯಿತೆಂದು ಹಿಂದಿರುಗಿದೆವು.

ಎರಡು ತಿಂಗಳ ತರುವಾಯ ಒಂದು ಸಾಯಂಕಾಲ ಅವನು ಕೆರೆಯ ಏರಿಯ ಮೇಲೆ ಒಬ್ಬನೇ ಕುಳಿತಿದ್ದುದನ್ನು ಕಂಡು ಮಾತನಾಡಿಸಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಹೇಳಿದನು: “ಮೇಷ್ಟ್ರೇ, ನನಗೆ ಸೂತಕ ಮೂರೇ ದಿನವಂತೆ. ನಾಲ್ಕನೆಯ ದಿನ ಕೆಲಸಕ್ಕೆ ಹೋದೆ. ಈಗಲೂ ಸಂಜೆ ಬಾಗಿಲು ತೆಗೆಯುವಾಗ, ಬಂದೆಯೇನೋ ಎಂದು ತಾತ ಕೇಳುವುದನ್ನೇ ಕಿವಿ ಕಾಯುತ್ತದೆ. ಮೊದಲ ಸಂಬಳದಲ್ಲಿ ನಾನು ತಂದುಕೊಟ್ಟ ಪಂಚೆಯನ್ನು ಹಬ್ಬಕ್ಕೆ ಉಡುತ್ತೇನೆಂದು ಎತ್ತಿಟ್ಟಿದ್ದರು, ಮಡಿಕೆಯನ್ನೇ ಬಿಚ್ಚಲಿಲ್ಲ. ಇಷ್ಟು ದೊಡ್ಡವನಾಗಿ ಅಳುವುದು ತಪ್ಪಲ್ಲವೇ?”

ನಮಗೆ ನಾಚಿಕೆಯಾಯಿತು.

ದೌಹಿತ್ರನಿಗೆ ಮಾತಾಮಹನ ಮರಣದಲ್ಲಿ ಮೂರು ದಿನಗಳ ಆಶೌಚವೆಂದು ಧರ್ಮಶಾಸ್ತ್ರವು ಹೇಳುವುದು ನಿಜ. ಆದರೆ ಅದು ಆಚಾರದ ಅವಧಿಯೇ ಹೊರತು ದುಃಖದ ಅಳತೆಯಲ್ಲ. ನವರಾತ್ರಿಯ ಮೊದಲ ದಿನವಾದ ಆಶ್ವಯುಜ ಶುಕ್ಲ ಪ್ರತಿಪತ್ತಿನಂದು, ತನ್ನ ತಂದೆಯು ಬದುಕಿದ್ದರೂ ಸಹ, ದೌಹಿತ್ರನು ಮಾತಾಮಹನಿಗೆ ಶ್ರಾದ್ಧ ಮಾಡಬಹುದೆಂದು ಅದೇ ಶಾಸ್ತ್ರವು ಅವಕಾಶವಿತ್ತಿದೆ. ವರ್ಷವರ್ಷವೂ ನೆನೆಯುವುದಕ್ಕೆ ದಾರಿ ಮಾಡಿಕೊಟ್ಟವರು ಮೂರು ದಿನಕ್ಕೇ ಮರೆತುಬಿಡೆಂದು ಹೇಳಿಯಾರೇ?

ಅಳುವುದು ಹೇಡಿತನವೆಂಬುವರು ಮಹಾಭಾರತದ ಭೀಷ್ಮಪರ್ವವನ್ನು ನೋಡಲಿ. ಪಿತಾಮಹನನ್ನು ಯುದ್ಧದಲ್ಲಿ ಕೆಡಹಬೇಕೆಂದು ನಿಶ್ಚಯವಾದಾಗ ಅರ್ಜುನನಿಗೆ ನೆನಪಾಗುವುದು ರಾಜ್ಯವಲ್ಲ, ತನ್ನ ಬಾಲ್ಯ. ಧೂಳು ಮೆತ್ತಿದ ಮೈಯಿಂದ ಆತನ ತೊಡೆಯನ್ನೇರಿ ತಾನು ಅಪ್ಪನೆಂದು ಕರೆದುದನ್ನೂ, ತಾನು ಅಪ್ಪನಲ್ಲ, ಅಪ್ಪನಿಗೆ ಅಪ್ಪನೆಂದು ಆತನು ತಿದ್ದಿದುದನ್ನೂ ಹೇಳಿಕೊಂಡು ಆ ಮಹಾವೀರನು ಸಂಕಟಪಡುತ್ತಾನೆ.

ನಮ್ಮ ನಾಡಿನ ಚರಿತ್ರೆಯಲ್ಲಿಯೂ ಇಂತಹ ಸಂದರ್ಭವೊಂದುಂಟು. 1799ರಲ್ಲಿ 5 ವರ್ಷದ ಬಾಲಕರಾಗಿ ಮೈಸೂರಿನ ಸಿಂಹಾಸನವನ್ನೇರಿದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಸಾಕಿ ಬೆಳೆಸಿದವರು, ರಾಜ್ಯವನ್ನು ಮರಳಿ ಪಡೆಯಲು ಬಹುಕಾಲ ಶ್ರಮಿಸಿದ್ದ ಅಜ್ಜಿ ಲಕ್ಷ್ಮಮ್ಮಣ್ಣಿಯವರು. 1810ರಲ್ಲಿ ಅವರು ಕಾಲವಾದಾಗ ಅರಸರಿಗೆ ಸುಮಾರು 16ರ ಪ್ರಾಯ. ಮರುವರ್ಷವೇ ದಿವಾನ್ ಪೂರ್ಣಯ್ಯನವರು ನಿವೃತ್ತರಾಗಲು, ಆಡಳಿತದ ಭಾರವು ಆ ಎಳೆಯ ಹೆಗಲಿಗೆ ಬಂದಿತು. ಬೆಳೆದ ಮೊಮ್ಮಕ್ಕಳ ಪಾಡು ಅರಮನೆಯಲ್ಲಾಗಲಿ ನಮ್ಮ ಬೀದಿಯಲ್ಲಾಗಲಿ ಇಷ್ಟೆ. ಶಿಶುವಾಗಿದ್ದರೆ ಯಾರಾದರೂ ಎತ್ತಿಕೊಂಡು ರಮಿಸುವರು. ದೊಡ್ಡವರಾದುದರಿಂದ ಕೆಲಸವನ್ನು ಕೊಡುವರು. ತಂದೆತಾಯಿಗಳ ಕಣ್ಣೀರನ್ನೊರಸುವ ಕೈಗಳಿಗೆ ತಮ್ಮ ಕಣ್ಣನ್ನೊರಸಿಕೊಳ್ಳಲು ಬಿಡುವಿರುವುದಿಲ್ಲ.

ಆ ಸಂಜೆ ನಾವು ಉಪದೇಶವೇನನ್ನೂ ಮಾಡಲಿಲ್ಲ. “ಅಳುವುದು ತಪ್ಪಲ್ಲವಪ್ಪಾ. ನಿಮ್ಮ ತಾತನವರ ವಿಷಯ ಏನಾದರೂ ಹೇಳು” ಎಂದೆವು. ಆತನು ಬೈಸಿಕಲ್ ಕಲಿಸಿದುದು, ಮಗ್ಗಿ ತಪ್ಪಿದಾಗ ಕಿವಿ ಹಿಂಡಿದುದು, ಕಡಲೆಕಾಯಿಯನ್ನು ಜೇಬಿನಲ್ಲಿ ಬಚ್ಚಿಟ್ಟು ತಂದುದು, ಎಲ್ಲವನ್ನೂ ಹುಡುಗನು ಕತ್ತಲಾಗುವವರೆಗೆ ಹೇಳಿದನು. ನಡುವೆ ಅತ್ತನು, ಒಮ್ಮೆ ನಕ್ಕನು. ಹೊರಡುವಾಗ, ಆ ಪಂಚೆಯನ್ನು ಪೆಟ್ಟಿಗೆಯಲ್ಲಿ ಮಡಗದೆ ನವರಾತ್ರಿಯ ಮೊದಲ ದಿನ ತಾನೇ ಉಡುವೆನೆಂದನು.

ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಸಾವಾದ ಮನೆಗೆ ಹೋದಾಗ, ಹಿರಿಯರಿಗೆ ಹೇಳತಕ್ಕ ಮಾತನ್ನು ಹೇಳಿದ ಬಳಿಕ, ಬಾಗಿಲ ಬಳಿ ನಿಂತು ಚಪ್ಪಲಿಗಳನ್ನು ಸರಿಮಾಡುತ್ತಿರುವ ಮೊಮ್ಮಗನನ್ನೋ ಒಳಗೆ ನೀರು ತುಂಬುತ್ತಿರುವ ಮೊಮ್ಮಗಳನ್ನೋ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಒಂದು ಮಾತು ಕೇಳಿರಿ. ವಯಸ್ಸಾಗಿತ್ತೆಂದು ನೀವು ಹೇಳಬೇಕಾದುದಿಲ್ಲ. ಅದು ಅವರಿಗೂ ತಿಳಿದಿರುತ್ತದೆ.