ಲಾಂಚಿಗಾಗಿ ಅಳುವವರು ಯಾರು?

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಗೊಂಡಂದಿನಿಂದ ನಮ್ಮ ಹೊರನಾಡ ಕೂಟಗಳಲ್ಲಿ ವಿಚಿತ್ರವಾದೊಂದು ಶೋಕಾಚರಣೆ ನಡೆದಿದೆ. ‘ಲಾಂಚು ಹೋಯಿತಲ್ಲ!’ ಎಂಬುದು ಅದರ ಪಲ್ಲವಿ. ವರ್ಷಕ್ಕೊಮ್ಮೆ ಊರಿಗೆ ಹೋದಾಗ ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆಂದು ಕಾರನ್ನೂ ಮಕ್ಕಳನ್ನೂ ಲಾಂಚಿಗೇರಿಸಿ, ತಣ್ಣನೆಯ ಗಾಳಿ ಕುಡಿದು, ಫೋಟೋ ತೆಗೆದುಕೊಂಡು ಬಂದವರು ನಾವು. (ಈ ಲೇಖಕನ ಕಪಾಟಿನಲ್ಲೂ ಅಂಥ ಫೋಟೋಗಳಿವೆ, ಆರೋಪದಿಂದ ನಾನು ಹೊರತಲ್ಲ.)

ಆದರೆ ಆ ನೀರು ಅಲ್ಲಿಗೆ ಬಂದದ್ದಾದರೂ ಹೇಗೆ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಿತು. ಶರಾವತಿಯ ಹತ್ತು ಯಂತ್ರಗಳು 1,035 ಮೆಗಾವಾಟ್ ಸಾಮರ್ಥ್ಯದೊಡನೆ ನಾಡಿಗೆ ಬೆಳಕು ಕೊಟ್ಟವು. ಗದ್ದೆ, ತೋಟ, ಮನೆ, ದೇವರಗುಡಿಗಳನ್ನು ನೀರಿಗೊಪ್ಪಿಸಿದ ಕರೂರು ಸೀಮೆಯ ಜನರಿಗೆ ನಾಡು ಮರಳಿ ಕೊಟ್ಟದ್ದು ಒಂದು ಲಾಂಚು. ಅದೂ ಹಗಲಿನಲ್ಲಿ ಮಾತ್ರ. ಸಂಜೆಯ ಕೊನೆಯ ಟ್ರಿಪ್ ತಪ್ಪಿತೆಂದರೆ, ಬಸುರಿಯಾಗಲಿ ಹಾವು ಕಚ್ಚಿದವನಾಗಲಿ, ಹೊಸನಗರದ ಕಡೆಯಿಂದ ಬಳಸಿಕೊಂಡು ಸಾಗರದ ಆಸ್ಪತ್ರೆ ಸೇರಬೇಕು. ಮಳೆ ಕೈಕೊಟ್ಟು ಹಿನ್ನೀರು ಇಳಿದ ಬೇಸಗೆಗಳಲ್ಲಿ ಲಾಂಚು ದಡ ಮುಟ್ಟದೆ ವಾಹನಗಳನ್ನು ಹತ್ತಿಸುವುದೇ ನಿಂತುಹೋಗುತ್ತಿತ್ತು. ದೇವಿಯ ಜಾತ್ರೆಯ ದಿನಗಳಲ್ಲಂತೂ ತುಮರಿಯ ಮನುಷ್ಯ ಭಕ್ತರ ಕಾರುಗಳ ಸಾಲಿನ ಹಿಂದೆ, ತನ್ನ ಮನೆಗೆ ಹೋಗಲು ತಾನೇ ಪರವಾನಗಿ ಕಾಯುವವನಂತೆ ನಿಲ್ಲುತ್ತಿದ್ದ. ಆ ಸಾಲಿನಲ್ಲಿ ಮುಂದೆ ಇದ್ದವರು ನಾವೇ ಅಲ್ಲವೇ?

ಮುಂಬಯಿಯವರಿಗೆ ಇದು ಬೇಗ ತಿಳಿಯಬೇಕು. 2020ರಲ್ಲಿ ಭಾವುಚಾ ಧಕ್ಕೆಯಿಂದ ಮಾಂಡವೆಗೆ ಕಾರು ಹೊರುವ ರೋ-ರೋ ಹಡಗು ಆರಂಭವಾಯಿತು. ಅಲಿಬಾಗಿನಲ್ಲಿ ಬಂಗಲೆ ಇದ್ದವರಿಗೆ ಅದು ಅನುಕೂಲ. ಬೇಡವೆಂದರೆ ಪೇಣದ ರಸ್ತೆ ಇದೆ. ಆಯ್ಕೆ ಇದ್ದವನಿಗೆ ಹಡಗು ವಿಹಾರ, ಇಲ್ಲದವನಿಗೆ ಅದೇ ಬೇಲಿ.

ಲಾಂಚಿನ ದುಡಿಮೆಯನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಬಸ್ಸನ್ನು ನಡುವೆ ನಿಲ್ಲಿಸಿ, ಅಕ್ಕಪಕ್ಕ ಕಾರು ಜೋಡಿಸಿ, ಸಂದಿಯಲ್ಲಿ ಬೈಕುಗಳನ್ನು ತೂರಿಸಿ, ಭಾರ ಒಂದೇ ಮಗ್ಗುಲಿಗೆ ವಾಲದಂತೆ ನೋಡಿಕೊಂಡು, ಮಲೆನಾಡಿನ ಜಡಿಮಳೆಯಲ್ಲಿ, ಗಾಳಿಗೆ ಎದುರಾಗಿ ದಿನವಿಡೀ ದಡದಿಂದ ದಡಕ್ಕೆ ತಿರುಗಿದ ಆ ಸಿಬ್ಬಂದಿಯ ಕೌಶಲಕ್ಕೆ ಸನ್ಮಾನ ಸಲ್ಲಲೇಬೇಕು. ಶೋಕಿಸುವವರಲ್ಲಿ ಒಬ್ಬರಾದರೂ ಅವರ ಮುಂದಿನ ಅನ್ನದ ಮಾತೆತ್ತಿದ್ದನ್ನು ನಾನು ಕೇಳಿಲ್ಲ. ನಮಗೆ ಬೇಕಾದದ್ದು ದೃಶ್ಯ, ಅದರೊಳಗಿನ ಮನುಷ್ಯನಲ್ಲ.

ಸಾಗರದಲ್ಲಿದ್ದು, ಲೋಕೋಪಯೋಗಿ ಇಲಾಖೆಯಲ್ಲಿ ದುಡಿದು, ಮುಳುಗಡೆಯ ಬದುಕನ್ನು ‘ದ್ವೀಪ’ದಂಥ ಕಾದಂಬರಿಗಳಲ್ಲಿ ಬರೆದಿಟ್ಟ ನಾ. ಡಿಸೋಜ ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಸೇತುವೆ ತೆರೆದದ್ದು ಆರು ತಿಂಗಳ ಮೇಲೆ. ಆ ಕಥೆಯನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ತೆರೆಗೆ ತಂದಾಗ ಮೆಚ್ಚಿಕೊಂಡ ನಾವೇ ಇಂದು ದ್ವೀಪವು ದ್ವೀಪವಾಗಿಯೇ ಉಳಿಯಬೇಕಿತ್ತೆಂದು ಹಂಬಲಿಸುತ್ತಿದ್ದೇವೆ.

ಶೋಕಸಭೆಯ ಬದಲು ನಮ್ಮ ಸಂಘಗಳು ಒಂದು ಠರಾವು ಮಾಡಲಿ. ಶರಾವತಿಯ ಎಷ್ಟೋ ಸಂತ್ರಸ್ತ ಕುಟುಂಬಗಳಿಗೆ ಆರು ದಶಕಗಳ ಮೇಲೂ ತಾವು ಉಳುವ ನೆಲದ ಹಕ್ಕುಪತ್ರ ಸಿಕ್ಕಿಲ್ಲ. ಸೇತುವೆಯ ಮೇಲೆ ಕಾರು ನಿಲ್ಲಿಸಿ ಫೋಟೋ ತೆಗೆಯುವ ಮುನ್ನ ಆ ಠರಾವು ಬೆಂಗಳೂರು ತಲುಪಲಿ.