‘ನಮ್ಮವರು’ ಯಾರು?

ಕಳೆದ ಸ್ವಾತಂತ್ರ್ಯೋತ್ಸವದ ಭಾಷಣ ಸ್ಪರ್ಧೆಗೆ ನಾನು ಬ್ರಿಗೇಡಿಯರ್ ಮಹಮ್ಮದ್ ಉಸ್ಮಾನರ ಜೀವನವನ್ನು ವಿಷಯವಾಗಿ ಆರಿಸಿಕೊಂಡಿದ್ದೆ. ಇದನ್ನು ಕೇಳಿದ ಮಿತ್ರನೊಬ್ಬನು, “ನಮ್ಮ ರಾಣೆಯವರು ಇರುವಾಗ ಅವರ್ಯಾಕೆ ಮಾರಾಯ?” ಎಂದನು. ಆಗ ತೋಚದಿದ್ದ ಉತ್ತರವನ್ನು ಈಗ ವಾಚಕರ ಮುಂದಿಡುತ್ತಿದ್ದೇನೆ.

ಮಿತ್ರನ ಅಭಿಮಾನವು ಸಹಜವಾದುದೇ. ಅಮದಳ್ಳಿಯಿಂದ ನಮ್ಮನ್ನು ಕಾಲೇಜಿಗೆ ಕರೆತರುವ ಬಸ್ಸು ದಿನವೂ ಚೆಂಡಿಯಾವನ್ನು ದಾಟಿ ಬರುತ್ತದೆ. ಪರಮವೀರ ಚಕ್ರ ಪಡೆದ ರಾಮ ರಾಘೋಬಾ ರಾಣೆಯವರು ಆ ಊರಿನ ಮನೆತನದವರು. ಕಾರವಾರದ ಕಡಲತೀರದಲ್ಲಿರುವ ಅವರ ಪುತ್ಥಳಿಯನ್ನು ಕಂಡಾಗ ‘ಇವರು ನಮ್ಮವರು’ ಎಂದು ನನ್ನ ಎದೆಯೂ ಉಬ್ಬುತ್ತದೆ. ಆದರೆ ಆ ‘ನಮ್ಮವರು’ ಎಂಬ ಮಾತು ಎಲ್ಲಿಗೆ ನಿಲ್ಲಬೇಕು ಎಂಬುದೇ ನನ್ನ ಪ್ರಶ್ನೆ.

ಉಸ್ಮಾನರು 1912ರಲ್ಲಿ ಇಂದಿನ ಉತ್ತರ ಪ್ರದೇಶದಲ್ಲಿ ಜನಿಸಿದರು. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿನಲ್ಲಿ ಶಿಕ್ಷಣ ಪಡೆದು ಬಲೂಚ್ ರೆಜಿಮೆಂಟನ್ನು ಸೇರಿದರು. 1947ರಲ್ಲಿ ದೇಶದ ಜೊತೆಗೆ ಸೈನ್ಯವೂ ಪಾಲಾಯಿತು. ವಿಮಾನದಿಂದ ಕೊಡೆ ಬಿಚ್ಚಿ ಇಳಿಯುವ ಪ್ಯಾರಾಶೂಟ್ ಬ್ರಿಗೇಡುಗಳಲ್ಲಿ 50 ಮತ್ತು 77ನೆಯವು ಭಾರತಕ್ಕೆ, 14ನೆಯದು ಪಾಕಿಸ್ತಾನಕ್ಕೆ ಬಂದವು. ಉಸ್ಮಾನರ ಬಲೂಚ್ ರೆಜಿಮೆಂಟು ಪಾಕಿಸ್ತಾನದ ಪಾಲಿಗೆ ಹೋಯಿತು, ಉಸ್ಮಾನರು ಹೋಗಲಿಲ್ಲ. ಅಲ್ಲಿಗೆ ಬಂದರೆ ಮುಂದೆ ಸೇನಾಧಿಪತಿಯ ಪದವಿಯೇ ದೊರೆಯುವುದೆಂಬ ಆಸೆಯನ್ನು ತೋರಿಸಿದ್ದರೆಂದು ಹೇಳುತ್ತಾರೆ. ಅವರು ಡೋಗ್ರಾ ರೆಜಿಮೆಂಟಿಗೆ ಸೇರಿ ಇಲ್ಲಿಯೇ ಉಳಿದರು.

ಕಾಶ್ಮೀರದ ಯುದ್ಧದಲ್ಲಿ 50ನೆಯ ಪ್ಯಾರಾಶೂಟ್ ಬ್ರಿಗೇಡಿನ ನಾಯಕತ್ವ ಅವರದಾಯಿತು. ಆಕಾಶದಿಂದ ಇಳಿಯಲು ಕಲಿತ ಆ ಸೈನಿಕರು ಇಲ್ಲಿ ಕಾಲ್ದಳದವರಂತೆ ಗುಡ್ಡ ಹತ್ತಿ ಹೋರಾಡಬೇಕಾಯಿತು. 1947ರ ಡಿಸೆಂಬರಿನಲ್ಲಿ ಝಂಗಡ್ ಎಂಬ ಆಯಕಟ್ಟಿನ ಸ್ಥಳವು ಶತ್ರುವಶವಾಯಿತು. ಅದನ್ನು ಮರಳಿ ಪಡೆಯುವವರೆಗೆ ಮಂಚದ ಮೇಲೆ ಮಲಗುವುದಿಲ್ಲವೆಂದು ಉಸ್ಮಾನರು ಶಪಥ ಮಾಡಿ ಚಳಿಗಾಲವನ್ನೆಲ್ಲ ಚಾಪೆಯ ಮೇಲೆಯೇ ಕಳೆದರು. 1948ರ ಫೆಬ್ರುವರಿ 6ರಂದು ನೌಶೇರಾದ ಮೇಲೆ ಬಂದ ಭಾರಿ ದಾಳಿಯನ್ನು ಹಿಮ್ಮೆಟ್ಟಿಸಿದರು. ಮಾರ್ಚ್ 18ಕ್ಕೆ ಝಂಗಡ್ ಮರಳಿ ಕೈಸೇರಿತು. ಆ ರಾತ್ರಿ ಅವರಿಗಾಗಿ ಹಳ್ಳಿಯಿಂದ ಒಂದು ಮಂಚವನ್ನು ಎರವಲು ತರಬೇಕಾಯಿತಂತೆ!

ಈಗ ರಾಣೆಯವರ ಕಡೆಗೆ ಬರೋಣ. ಅದೇ ನೌಶೇರಾದಿಂದ ರಾಜೌರಿಗೆ ನಮ್ಮ ಸೈನ್ಯ ಹೊರಟದ್ದು ಏಪ್ರಿಲ್ 8ರಂದು. ಸೆಕೆಂಡ್ ಲೆಫ್ಟಿನೆಂಟ್ ರಾಣೆಯವರು 37ನೆಯ ಅಸಾಲ್ಟ್ ಫೀಲ್ಡ್ ಕಂಪನಿಯ ಒಂದು ತುಕಡಿಯೊಡನೆ ದಾರಿ ಬಿಡಿಸುವ ಕೆಲಸಕ್ಕೆ ನಿಂತರು. ಮೊದಲ ದಿನವೇ ಅವರ ಇಬ್ಬರು ಸಂಗಡಿಗರು ಮಡಿದರು; ಅವರೂ ಗಾಯಗೊಂಡರು. ಆದರೂ ನಾಲ್ಕು ದಿನಗಳ ಕಾಲ ಗುಂಡಿನ ಮಳೆಯಲ್ಲಿ ನೆಲಬಾಂಬುಗಳನ್ನು ತೆಗೆದು, ಅಡ್ಡ ಕೆಡವಿದ್ದ ಮರಗಳನ್ನು ಸರಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಏಪ್ರಿಲ್ 12ರಂದು ರಾಜೌರಿ ನಮ್ಮ ಕೈಸೇರಿತು.

ರಾಣೆಯವರು ಉಸ್ಮಾನರ ಬ್ರಿಗೇಡಿನವರಲ್ಲ. ಆದರೆ ಫೆಬ್ರುವರಿಯಲ್ಲಿ ನೌಶೇರಾ ಕೈಬಿಟ್ಟುಹೋಗಿದ್ದರೆ ಏಪ್ರಿಲಿನಲ್ಲಿ ರಾಣೆಯವರು ಎಲ್ಲಿಂದ ಹೊರಡುತ್ತಿದ್ದರು? ದಾರಿ ಬಿಡಿಸುವ ರಾಣೆಯಂಥವರು ಇಲ್ಲದಿದ್ದರೆ ಕಾಯ್ದುಕೊಂಡ ನೌಶೇರಾದಿಂದ ಸೈನ್ಯ ಮುಂದೆ ಸಾಗುವುದಾದರೂ ಹೇಗೆ? ನಮ್ಮೂರಿನ ಕೀರ್ತಿಯು ಪರವೂರಿನವನ ಋಣದಲ್ಲಿದೆ; ಅವನ ಕೀರ್ತಿಯೂ ನಮ್ಮವನ ಋಣದಲ್ಲಿದೆ. ರಾಣೆಯವರು ಗಾಯಗೊಂಡದ್ದು ಕಾರವಾರಕ್ಕಾಗಿ ಅಲ್ಲ. ಉಸ್ಮಾನರು 1948ರ ಜುಲೈ 3ರಂದು ಝಂಗಡ್‌ನಲ್ಲಿ ಫಿರಂಗಿಯ ಗುಂಡಿಗೆ ಬಲಿಯಾದದ್ದು ತಮ್ಮ ಹುಟ್ಟೂರಿಗಾಗಿಯೂ ಅಲ್ಲ. ಅವರಿಗೆ ಆಗ ಮೂವತ್ತಾರು ವರ್ಷವೂ ತುಂಬಿರಲಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನನ್ನ ಭಾಷಣದ ಮೊದಲ ಕರಡಿನಲ್ಲಿ ‘ಮುಸಲ್ಮಾನರಾದರೂ ದೇಶಭಕ್ತರು’ ಎಂದು ಬರೆದಿದ್ದೆ. ಹೊಗಳಿಕೆಯೆಂದೇ ಬರೆದದ್ದು. ಮನೆಯಲ್ಲಿ ಗಟ್ಟಿಯಾಗಿ ಓದಿದಾಗ ಆ ‘ಆದರೂ’ ಎಂಬಲ್ಲಿ ನಾಲಗೆ ತಡೆಯಿತು. ರಾಣೆಯವರ ವಿಷಯದಲ್ಲಿ ಯಾರಾದರೂ ‘ಹಿಂದೂ ಆದರೂ’ ಎನ್ನುವರೇ? ಪ್ರಾಣ ಕೊಟ್ಟವನಿಂದಲೂ ನಾವು ಇನ್ನೊಂದು ಸಾಕ್ಷಿಯನ್ನು ಕೇಳುತ್ತಿದ್ದೇವೆ ಎಂಬುದು ಆ ಒಂದು ಪದದಲ್ಲಿ ಅಡಗಿದೆ. ನಾನು ಅದನ್ನು ಹೊಡೆದು ಹಾಕಿದೆ. ಕಾಗದದಿಂದ ಹೊಡೆದು ಹಾಕುವುದು ಸುಲಭ. ಮನಸ್ಸಿನಿಂದ ಅಷ್ಟು ಸುಲಭವಲ್ಲ.

ಉಸ್ಮಾನರಿಗೆ ಮರಣಾನಂತರ ಮಹಾವೀರ ಚಕ್ರ ದೊರೆಯಿತು. ದೆಹಲಿಯ ಜಾಮಿಯಾ ಮಿಲಿಯಾ ಆವರಣದಲ್ಲಿ ಅವರನ್ನು ಸಮಾಧಿ ಮಾಡಿದಾಗ ಪ್ರಧಾನಿ ನೆಹರೂ ಅವರೇ ಬಂದಿದ್ದರು. ಅದೇ ಸಮಾಧಿಯು ಒಡೆದುಹೋಗಿರುವುದು 2020ರ ಕೊನೆಯಲ್ಲಿ ಬೆಳಕಿಗೆ ಬಂದು, ಬಳಿಕ ಸೈನ್ಯವು ಅದನ್ನು ದುರಸ್ತಿ ಮಾಡಿಸಿತು. ಕಲ್ಲನ್ನು ಸೈನ್ಯ ಸರಿಪಡಿಸಬಹುದು, ನೆನಪನ್ನು ಸರಿಪಡಿಸುವುದು ವಿದ್ಯಾವಂತರ ಕೆಲಸವಲ್ಲವೇ?

ಆದುದರಿಂದ ನಮ್ಮ ಕಾಲೇಜಿನ ಇತಿಹಾಸ ಸಂಘಕ್ಕೆ ನನ್ನದೊಂದು ಸಣ್ಣ ಬಿನ್ನಹ. ಪ್ರತಿವರ್ಷ ಒಂದು ದಿನ ಈ ಇಬ್ಬರ ಭಾವಚಿತ್ರಗಳನ್ನೂ ಒಂದೇ ಮೇಜಿನ ಮೇಲಿಟ್ಟು ನೌಶೇರಾದ ಕಥೆಯನ್ನು ಹೊಸ ವಿದ್ಯಾರ್ಥಿಗಳಿಗೆ ಹೇಳಲಿ. ನಾವು ಮೂರನೆಯ ವರ್ಷದವರು ಈ ಬೇಸಿಗೆಗೆ ಇಲ್ಲಿಂದ ಹೊರಡುವವರು. ಮುಂದೆ ಚೆಂಡಿಯಾದಿಂದಲೋ ಅಮದಳ್ಳಿಯಿಂದಲೋ ಬಂದ ಹುಡುಗನು ಆ ಎರಡು ಚಿತ್ರಗಳನ್ನು ನೋಡಿ, ಯಾವ ‘ಆದರೂ’ ಇಲ್ಲದೆ, “ಇಬ್ಬರೂ ನಮ್ಮವರು” ಎಂದರೆ ನನ್ನ ಮಿತ್ರನಿಗೆ ಉತ್ತರ ದೊರೆತಂತೆ.